ಹರಿಹರದ ದಾರಿಯಲ್ಲಿ ಕಲ್ಲಿದ್ದಲ ಬಂಡಿಗಳು

ರೈಲಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಇಂಜಿನಿನಿಂದ ಆರಂಭಿಸುತ್ತಾರೆ, ಇಲ್ಲವೆ ಸೇತುವೆಯಿಂದ. ಇಂಜಿನಿಗೆ ಅಂದಚೆಂದವುಂಟು, ಸೇತುವೆಗೆ ಕಟ್ಟಿಸಿದವರ ಹೆಸರುಂಟು. ಇವೆರಡರ ನಡುವೆ ಮೈಯೆಲ್ಲ ಮಸಿಯಾಗಿ ಗಡಗಡನೆ ಸಾಗುವ ಸಾಮಾನುಬಂಡಿಯ ಕಡೆಗೆ ಕಣ್ಣೆತ್ತಿ ನೋಡುವವರು ವಿರಳ. ನಾವು ಈ ಹೊತ್ತು ಮಾತನಾಡಬೇಕೆಂದಿರುವುದು ಅಂತಹ ಬಂಡಿಗಳಲ್ಲಿ ಒಂದಾದ ಕಲ್ಲಿದ್ದಲ ಬಂಡಿಯನ್ನು ಕುರಿತು. ಅದರಲ್ಲಿಯೂ, ಹೊಟ್ಟೆಯ ಕೆಳಗೆ ಬಾಗಿಲನ್ನಿಟ್ಟುಕೊಂಡು, ತಾನಾಗಿಯೇ ಬರಿದಾಗುವ ‘ಹಾಪರು’ ಎಂಬ ಬಂಡಿಯನ್ನು ಕುರಿತು. ಈ ಬಂಡಿ ಪಶ್ಚಿಮ ದೇಶಗಳಲ್ಲಿ ಬಹು ಹಳೆಯದು. ಆದರೂ ದಾವಣಗೆರೆ ಹರಿಹರಗಳ ದಾರಿಯಲ್ಲಿ ಕಲ್ಲಿದ್ದಲು ಬಹುಕಾಲ ಮನುಷ್ಯನ ತಲೆಯ ಮೇಲಣ ಬುಟ್ಟಿಯಿಂದಲೇ ನೆಲಕ್ಕಿಳಿಯಿತು. ಅದಕ್ಕೆ ಕಾರಣವೇನು? ಹಾಪರು ಮೊದಲೇ ಬಂದಿದ್ದರೆ ಆ ಬುಟ್ಟಿ ಹೊತ್ತವರಿಗೆ ಒಳ್ಳೆಯದಾಗುತ್ತಿದ್ದಿತೆ? ಈ ಎರಡು ಪ್ರಶ್ನೆಗಳೇ ನಮ್ಮ ಮಾತಿನ ಮೇರೆ.

ಮೊದಲು ದಾರಿಯ ವಿಷಯ. 1876ರಿಂದ 1878ರವರೆಗೆ ನಾಡನ್ನು ಹಿಂಡಿದ ಮಹಾಕ್ಷಾಮವು ಮೈಸೂರಿನವರಿಗೆ ಒಂದು ಪಾಠವನ್ನು ಕಲಿಸಿತು. ಧಾನ್ಯವೆಲ್ಲಿಯೋ ಇದ್ದರೂ ಅದು ಹಸಿದವನ ಬಳಿಗೆ ಬರಬೇಕಾದರೆ ದಾರಿ ಬೇಕು. 1881ರಲ್ಲಿ ಸಂಸ್ಥಾನವು ಮತ್ತೆ ಒಡೆಯರ ಕೈಗೆ ಬಂದಿತು. ಮರುವರ್ಷವೇ ಬೆಂಗಳೂರು ಮೈಸೂರುಗಳ ನಡುವೆ ರೈಲು ಓಡಿತು. 1884ರಲ್ಲಿ ಅದು ತುಮಕೂರನ್ನು ಮುಟ್ಟಿತು. ಅಷ್ಟರಲ್ಲಿ ಬೊಕ್ಕಸ ತೆಳುವಾಗಿದ್ದುದರಿಂದ 1886ರಲ್ಲಿ ಮಾರ್ಗವನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ಒಪ್ಪಿಸಲಾಯಿತು. ಆ ಕಂಪನಿಯವರು 1889ರಲ್ಲಿ ಹಳಿಗಳನ್ನು ಹರಿಹರದವರೆಗೂ ಒಯ್ದರು. ಹೊಳೆಯ ಈಚೆಯ ದಡ ಮೈಸೂರು, ಆಚೆಯ ದಡ ಬೊಂಬಾಯಿ ಆಧಿಪತ್ಯ. 1224ರ ಸುಮಾರಿನಲ್ಲಿ ಹೊಯ್ಸಳರ ಮಂತ್ರಿ ಪೋಲಾಳ್ವನು ಹರಿಹರೇಶ್ವರನಿಗೆ ಗುಡಿ ಕಟ್ಟಿಸಿದ ಊರಿನಲ್ಲಿಯೇ ಈ ಎರಡು ಸೀಮೆಗಳು ಕಬ್ಬಿಣದ ಹಳಿಯಿಂದ ಕೂಡಿದುದು ಒಂದು ಸೊಗಸಾದ ಆಕಸ್ಮಿಕ. 1908ರಲ್ಲಿ ಕಂಪನಿಯ ಹೆಸರು ಮದರಾಸ್ ಅಂಡ್ ಸದರ್ನ್ ಮರಾಠಾ ಎಂದಾಯಿತು. 1938ರಲ್ಲಿ ಬೆಂಗಳೂರು ಹರಿಹರಗಳ ಮಾರ್ಗವನ್ನು ಮೈಸೂರು ಸರ್ಕಾರದ ರೈಲು ಇಲಾಖೆಯವರು ತಾವೇ ವಹಿಸಿಕೊಂಡರು. 1951ರಲ್ಲಿ ಅದು ಸದರ್ನ್ ರೈಲ್ವೆಯಲ್ಲಿ ಲೀನವಾಯಿತು. 2003ರಿಂದ ಹುಬ್ಬಳ್ಳಿಯನ್ನು ಕೇಂದ್ರವಾಗಿ ಉಳ್ಳ ನೈಋತ್ಯ ರೈಲ್ವೆಗೆ ಸೇರಿದೆ.

ಈ ಮಾರ್ಗವೆಲ್ಲವೂ ಮೀಟರ್ ಗೇಜಿನದಾಗಿದ್ದಿತು. 1870ರಲ್ಲಿ ವೈಸರಾಯ್ ಮೇಯೋ ಪ್ರಭುವಿನ ಕಾಲದಲ್ಲಿ, ಅಗ್ಗದ ದಾರಿಗಳಿಗೆ ಈ ಅಳತೆಯಿರಲಿ ಎಂದು ಗೊತ್ತುಮಾಡಿದರು. ದೊಡ್ಡ ದಾರಿಯ ಅಗಲ 5 ಅಡಿ 6 ಅಂಗುಲ. ಇದರದು 3 ಅಡಿ 3 ಅಂಗುಲಕ್ಕೆ ತುಸು ಮಿಗಿಲು. ಎರಡು ಅಡಿಯ ಈ ಅಂತರವನ್ನು ನಕ್ಷೆಯ ಮೇಲೆ ನೋಡಿದವನಿಗೆ ಏನೂ ತೋರುವುದಿಲ್ಲ. ಅದನ್ನು ಬಲ್ಲವನು ಗುಂತಕಲ್ಲಿನಂತಹ ಸಂಧಿಸ್ಥಾನದಲ್ಲಿ ನಿಂತ ಕೂಲಿಯವನು. ಏಕೆಂದರೆ ದೊಡ್ಡ ದಾರಿಯ ಬಂಡಿಯಲ್ಲಿ ಬಂದ ಸರಕು ಅಲ್ಲಿ ಒಂದು ಬಂಡಿಯಿಂದ ಇಳಿದು ಇನ್ನೊಂದಕ್ಕೆ ಏರಲೇಬೇಕು.

ಮೈಸೂರು ಸೀಮೆಯಲ್ಲಿ ಚಿನ್ನವುಂಟು, ಕಬ್ಬಿಣವುಂಟು, ಗಂಧವುಂಟು. ಕಲ್ಲಿದ್ದಲು ಮಾತ್ರ ಇಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸಕ್ಕೆ ತೊಡಗಿದಾಗ ಅದಿರನ್ನು ಕರಗಿಸಲು ಮಲೆನಾಡಿನ ಮರವನ್ನು ಸುಟ್ಟು ಇದ್ದಲು ಮಾಡಿಕೊಳ್ಳಬೇಕಾಗಿ ಬಂದುದು ಈ ಕೊರತೆಯಿಂದಲೇ. ದಕ್ಷಿಣದ ಅನೇಕ ಮಾರ್ಗಗಳಲ್ಲಿ ಮೊದಲ ದಶಕಗಳ ಇಂಜಿನುಗಳು ಸೌದೆಯನ್ನೇ ತಿನ್ನುತ್ತಿದ್ದುದೂ ಇದರಿಂದಲೇ. ಕಲ್ಲಿದ್ದಲು ಬೇಕೆಂದರೆ ಅದು ನಿಜಾಮರ ಸೀಮೆಯ ಸಿಂಗರೇಣಿಯಿಂದಲೋ ಅದಕ್ಕೂ ದೂರದ ಬಂಗಾಳದಿಂದಲೋ ಬರಬೇಕು; ಇಲ್ಲವೆ ಹಡಗಿನಲ್ಲಿ ಮೊರ್ಮುಗೋವಾ ಬಂದರಿಗೆ ಬಂದು, ಕ್ಯಾಸಲ್‌ರಾಕಿನ ಘಟ್ಟವನ್ನೇರಿ ಹುಬ್ಬಳ್ಳಿಗಿಳಿಯಬೇಕು. ಬೇಡಿಕೆಯಾದರೋ ಬೆಳೆಯುತ್ತಲೇ ಇದ್ದಿತು. ಹೈದರಾಲಿಯು ಅಪ್ಪಾಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟಂದಿನಿಂದ ವರ್ತಕರ ಊರಾಗಿ ಬೆಳೆದ ದಾವಣಗೆರೆಯಲ್ಲಿ, 1930ರ ದಶಕದಿಂದೀಚೆಗೆ ಹತ್ತಿಯ ಗಿರಣಿಗಳ ಹೊಗೆಕೊಳವೆಗಳೆದ್ದವು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ನಿಂತಿತು. ಹಬೆಯ ಹಂಡೆಗೆ ಉರುವಲು ಬೇಕು, ಎರಕದ ಕುಲುಮೆಗೆ ಗಟ್ಟಿ ಕೋಕು ಬೇಕು.

ಸಣ್ಣ ಸ್ಟೇಷನುಗಳಲ್ಲಿ ಕಲ್ಲಿದ್ದಲು ಇಳಿಯುತ್ತಿದ್ದ ಬಗೆ ಭಾರತದ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ನಮ್ಮ ದಾರಿಯೂ ಅದಕ್ಕೆ ಹೊರತಾಗಿರಲಿಲ್ಲ. ನಾಲ್ಕು ಗಾಲಿಯ, ಮೇಲೆ ಬಾಯಿ ತೆರೆದ ಬಂಡಿ. ಪಕ್ಕದಲ್ಲಿ ಕೆಳಮುಖವಾಗಿ ಬೀಳುವ ಹಲಗೆಬಾಗಿಲು. ಅದರ ಗೂಟವನ್ನು ಸುತ್ತಿಗೆಯಿಂದ ತಟ್ಟಿದೊಡನೆ ಬಾಗಿಲು ಧೊಪ್ಪನೆ ಬಿದ್ದು, ಒತ್ತಿನಿಂತ ಕಲ್ಲಿದ್ದಲು ಎದುರಿಗೆ ಸುರಿಯುವುದು. ಎದುರಿಗೆ ನಿಲ್ಲಬಾರದೆಂಬುದೇ ಈ ಕಸುಬಿನ ಮೊದಲ ಪಾಠ. ಮಿಕ್ಕುದನ್ನು ಇಬ್ಬರು ಮೂವರು ಒಳಗಿಳಿದು ಸಲಿಕೆಯಿಂದ ಎಳೆದು ಬುಟ್ಟಿ ತುಂಬುವರು. ಹೆಂಗಸರು ಹೊತ್ತು ರಾಶಿಗೆ ಸುರಿಯುವರು. ಇದು ಬೆನ್ನು ಮುರಿಯುವ ಕೆಲಸ, ಎದೆಗೆ ಧೂಳನ್ನು ತುಂಬುವ ಕೆಲಸ. ಆದರೆ ನಿಧಾನವಾದ ಕೆಲಸ. ಮನುಷ್ಯನ ಕೈ ನಿಂತರೆ ಕಲ್ಲಿದ್ದಲೂ ನಿಲ್ಲುತ್ತಿದ್ದಿತು.

ಹಾಪರಿನ ಉಪಾಯ ಇದಕ್ಕೆ ನೇರವಾಗಿ ವಿರುದ್ಧ. ನಮ್ಮ ಹಳೆಯ ಮನೆಗಳಲ್ಲಿ ಧಾನ್ಯ ತುಂಬುವ ಮಣ್ಣಿನ ವಾಡೆಯನ್ನು ಬಲ್ಲವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಮೇಲಿನಿಂದ ತುಂಬುವುದು, ಕೆಳಗೆ ಒಂದು ಕಂಡಿ, ಕಂಡಿಗೆ ತುರುಕಿದ ಬಟ್ಟೆಯನ್ನು ಎಳೆದರೆ ಜೋಳ ತಾನಾಗಿ ಮೊರಕ್ಕೆ ಬೀಳುವುದು. ಬಂಡಿಯ ತಳವನ್ನು ಲಾಳಿಕೆಯಂತೆ ಇಳಿಜಾರು ಮಾಡಿ, ಕೆಳಗೆ ಬಾಗಿಲಿಟ್ಟು, ಹಳಿಯ ಕೆಳಗೆ ಗುಂಡಿ ತೋಡಿದರೆ ಹಾಪರಾಯಿತು. ಇಂಗ್ಲೆಂಡಿನ ಟೈನ್ ನದಿಯ ಕಡೆಯ ಗಣಿಗಳಲ್ಲಿ, ಉಗಿ ಇಂಜಿನು ಹುಟ್ಟುವುದಕ್ಕೆ ಮೊದಲೇ, ಕುದುರೆ ಎಳೆಯುತ್ತಿದ್ದ ಮರದ ಬಂಡಿಗಳಿಗೆ ಇಂತಹ ತಳಬಾಗಿಲಿದ್ದಿತು. ಅಮೆರಿಕದಲ್ಲಿ 1897ರಿಂದ ಉಕ್ಕಿನ ಹಾಪರುಗಳು ರಾಶಿರಾಶಿಯಾಗಿ ತಯಾರಾದವು. ಅಲ್ಲಿ ಕೂಲಿ ದುಬಾರಿ, ಗಣಿ ದೊಡ್ಡದು, ಬಂಡಿ ಸುರಿಯುವ ಸ್ಥಳವೂ ದಿನದಿನಕ್ಕೆ ಅದೇ. ನಮ್ಮಲ್ಲಿ ಕೂಲಿ ಅಗ್ಗ, ಬಂಡಿಗಳು ಕೆಲವು, ಇಳಿಸುವ ಊರುಗಳು ಹಲವು. ಬಂದ ಬಂಡಿ ಹಿಂದಿರುಗುವಾಗ ಬರಿದಾಗಿ ಹೋಗದೆ ದಾವಣಗೆರೆಯ ಶೇಂಗಾವನ್ನೋ ಸೌದೆಯನ್ನೋ ಹೊರಬೇಕು. ಇಳಿಜಾರು ತಳದ ಹಾಪರಿಗೆ ಮೂಟೆ ಹೊರುವುದು ಬಾರದು. ಗುಂಡಿ ತೋಡಿ ಕಟ್ಟೆ ಕಟ್ಟುವ ವೆಚ್ಚವನ್ನು ಬುಟ್ಟಿಯ ವೆಚ್ಚದೊಡನೆ ತೂಗಿ ನೋಡಿದ ಕಂಪನಿಯ ಲೆಕ್ಕಿಗನು ಬುಟ್ಟಿಯ ಕಡೆಗೆ ವಾಲಿದುದರಲ್ಲಿ ಆಶ್ಚರ್ಯವಿಲ್ಲ. ಆ ಲೆಕ್ಕದಲ್ಲಿ ಬುಟ್ಟಿ ಹೊತ್ತವಳ ಉಸಿರಿಗೆ ಕಲಮು ಇರಲಿಲ್ಲವೆಂಬುದನ್ನು ಮಾತ್ರ ನಾವು ಇಲ್ಲಿ ಹೇಳದೆ ಬಿಡಲಾರೆವು.

ಹಾಗೆಂದು ಹಾಪರು ಸಾಧುಪ್ರಾಣಿಯೇನೂ ಅಲ್ಲ. ಅದರ ಚೇಷ್ಟೆಗಳನ್ನು ತುಸು ವಿಸ್ತಾರವಾಗಿಯೇ ನೋಡುವುದು ಯುಕ್ತ.

ಕಣದಲ್ಲಿ ರಾಗಿಯ ರಾಶಿ ಹಾಕಿದವರು ಬಲ್ಲರು: ಯಾವ ಕಾಳಿಗೂ ತನ್ನದೇ ಆದ ಒಂದು ಇಳಿಜಾರು ಉಂಟು, ಅದಕ್ಕಿಂತ ಕಡಿದಾದರೆ ಜಾರುತ್ತದೆ, ಕಡಿಮೆಯಾದರೆ ನಿಲ್ಲುತ್ತದೆ. ಒಣ ಕಲ್ಲಿದ್ದಲಿಗೆ ಅದು ಸುಮಾರು 35ರಿಂದ 40 ಡಿಗ್ರಿ. ಆದ್ದರಿಂದ ಹಾಪರಿನ ತಳವನ್ನು ಅದಕ್ಕಿಂತ ಕಡಿದಾಗಿ ಮಾಡುತ್ತಾರೆ. ಆದರೆ ಮಳೆಯಲ್ಲಿ ನೆನೆದು ಬಂದ ಕಲ್ಲಿದ್ದಲ ಪುಡಿ ಈ ನಿಯಮವನ್ನು ಮನ್ನಿಸುವುದಿಲ್ಲ. ಅದು ಹಿಟ್ಟಿನಂತೆ ಕಲಸಿಕೊಂಡು ಮೂಲೆಗಳಿಗೆ ಅಂಟುವುದು. ಇಲ್ಲವೆ ಬಾಗಿಲ ಮೇಲೆ ಕಮಾನು ಕಟ್ಟಿಕೊಂಡು ನಿಲ್ಲುವುದು. ಕೆಳಗೆ ಬಾಗಿಲು ತೆರೆದಿದೆ, ಮೇಲೆ ಬಂಡಿ ತುಂಬಿದೆ, ನಡುವೆ ಒಂದು ಟೊಳ್ಳು. ಶೀತದೇಶಗಳಲ್ಲಿ ಇದೇ ತೊಂದರೆಯನ್ನು ಹಿಮ ಮಾಡುವುದು. ಕಲ್ಲಿದ್ದಲು ಹೆಪ್ಪುಗಟ್ಟಿ ಬಂಡೆಯಾಗುವುದು. ಹಿಮಕ್ಕೆ ಬಿಸಿ ಕೊಟ್ಟರೆ ಕರಗೀತು. ನಮ್ಮ ಮುಂಗಾರಿಗೆ ಅಂತಹ ಸುಲಭವಾದ ಮದ್ದಿಲ್ಲ.

ಆಗ ಮನುಷ್ಯನು ಮಾಡುವುದೇನು? ವಾಡೆಯ ಕಂಡಿ ಕಟ್ಟಿಕೊಂಡಾಗ ಮನೆಯ ಹುಡುಗನು ಕಡ್ಡಿ ಹಾಕಿ ಕೆದಕುವಂತೆ, ಉದ್ದನೆಯ ಕಬ್ಬಿಣದ ಸಲಾಕೆಯಿಂದ ಕೆಳಗಿನಿಂದ ತಿವಿಯುತ್ತಾನೆ; ಅಲ್ಲವೆ ಮೇಲೇರಿ ಕಲ್ಲಿದ್ದಲ ಮೇಲೆ ನಿಂತು ತುಳಿಯುತ್ತಾನೆ. ಮೊದಲನೆಯದರಲ್ಲಿ ಕಮಾನು ಒಮ್ಮೆಗೇ ಕುಸಿದು ಸಲಾಕೆ ಹಿಂದಕ್ಕೆ ಚಿಮ್ಮುವುದು. ಎರಡನೆಯದರಲ್ಲಿ ಕಾಲಡಿಯ ನೆಲವೇ ಇಲ್ಲವಾಗುವುದು. ಜಾರುತ್ತಿರುವ ಕಲ್ಲಿದ್ದಲು ಮೊಣಕಾಲ ಮೇಲಕ್ಕೆ ಬಂದಿತೆಂದರೆ ಬಲಶಾಲಿಯಾದವನೂ ತಾನಾಗಿ ಹೊರಬರಲಾರ. ಸೊಂಟದವರೆಗೆ ಬಂದರೆ ಮೇಲಿನವರು ಎಳೆದರೂ ಬರುವುದು ಕಷ್ಟ. ದಾವಣಗೆರೆ ಸೀಮೆಯ ರೈತನಿಗೆ ಈ ಅಪಾಯದ ಅಣ್ಣತಮ್ಮನೊಬ್ಬನ ಪರಿಚಯವುಂಟು: ಜೋಳ ತುಂಬುವ ಹಗೇವು. ಬಾಯಿ ತೆರೆದೊಡನೆ ಹಗೇವಿಗೆ ಇಳಿಯಬಾರದು, ದೀಪ ಇಳಿಬಿಟ್ಟು ನೋಡಬೇಕು ಎಂಬುದು ಹಿರಿಯರ ಕಟ್ಟಳೆ. ಹಗೇವಿನಲ್ಲಿ ಕೊಲ್ಲುವುದು ಕೆಟ್ಟ ಗಾಳಿ, ಹಾಪರಿನಲ್ಲಿ ಕೊಲ್ಲುವುದು ಭಾರ. ಆದರೆ ಎರಡರಲ್ಲಿಯೂ ಮೊದಲಿನವನನ್ನು ಎತ್ತಲು ಹಾರಿದ ಎರಡನೆಯವನೂ ಅಲ್ಲಿಯೇ ಉಳಿಯುವ ಸಂಭವವುಂಟು. ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಒಬ್ಬನನ್ನು ನಿಲ್ಲಿಸಿ, ಬಾಗಿಲು ಮುಚ್ಚಿದ ಮೇಲೆ ಮಾತ್ರ ಒಳಗಿಳಿಸಬೇಕೆಂಬ ನಿಯಮ ಇದರಿಂದ ಹುಟ್ಟಿದುದು.

ಬಾಗಿಲಿನದು ಬೇರೆ ಕಥೆ. ಹಳೆಯ ಹಾಪರಿನ ಬಾಗಿಲನ್ನು ಹಿಡಿದಿರುವುದು ಒಂದು ಕೊಂಡಿ, ಒಂದು ಹಲ್ಲುಚಕ್ರ, ಕೆಲವೊಮ್ಮೆ ಒಂದು ಬೆಣೆ. ಹಲವು ಟನ್ ಭಾರ ಅದರ ಮೇಲೆ ಹಗಲಿರುಳೂ ಅಲುಗಾಡುತ್ತದೆ. ಕೊಂಡಿ ಸವೆದರೆ ಬಾಗಿಲು ದಾರಿಯಲ್ಲಿಯೇ ಬಾಯಿಬಿಡುವುದು. ಚೆಲ್ಲಿದ ಕಲ್ಲಿದ್ದಲು ನಷ್ಟವೆಂಬುದು ಸಣ್ಣ ಮಾತು. ಎರಡು ದಾರಿಗಳು ಕವಲೊಡೆಯುವ ಪಾಯಿಂಟಿನ ಸಂದಿಯಲ್ಲಿ ಒಂದು ಮುಷ್ಟಿಗಾತ್ರದ ಹೆಂಟೆ ಸಿಕ್ಕಿಕೊಂಡರೆ ಸರಿಯುವ ಹಳಿ ಪೂರ್ತಿಯಾಗಿ ಕೂಡುವುದಿಲ್ಲ; ಮುಂದೆ ಬರುವ ಗಾಡಿ ಆ ಅರೆತೆರೆದ ಸಂದಿಯಲ್ಲಿ ಹಳಿ ತಪ್ಪಬಹುದು. ಜೋತುಬಿದ್ದ ಬಾಗಿಲು ತಾನೇ ಪಾಯಿಂಟಿಗೆ ತಗುಲಿ ಬಂಡಿಯನ್ನು ಎತ್ತಿಹಾಕಬಹುದು. ಇನ್ನು ಸುರಿಯುವಾಗ: ಬಂಡಿಯ ಒಂದು ಮಗ್ಗುಲು ಬರಿದಾಗಿ ಇನ್ನೊಂದು ಅಂಟಿಕೊಂಡು ಉಳಿದರೆ ಭಾರವೆಲ್ಲ ಒಂದು ಹಳಿಯ ಮೇಲೆ. ಹಾಗೆಯೇ ಎಳೆದುಕೊಂಡು ಹೊರಟರೆ ತಿರುವಿನಲ್ಲಿ ಹಗುರಾದ ಗಾಲಿ ಹಳಿಯನ್ನು ಏರಲು ನೋಡುವುದು. ಸಲಿಕೆಯ ಕಾಲದಲ್ಲಿ ಈ ತಾಪತ್ರಯವನ್ನು ಕೂಲಿಯವನ ಕಣ್ಣೇ ಸರಿಪಡಿಸುತ್ತಿದ್ದಿತು.

ಬಂಡಿ ಯಾವುದಾದರೂ ಆಗಲಿ, ಹಾಪರಾಗಲಿ ಬುಟ್ಟಿಯ ಬಂಡಿಯಾಗಲಿ, ಅದನ್ನು ನಿಲ್ಲಿಸುವುದು ಮತ್ತು ಕೂಡಿಸುವುದು ಇನ್ನೊಂದು ತೊಡಕು. ನಮ್ಮ ದಾರಿಯಲ್ಲಿ ಮೈಕೈ ನೋಯಿಸಿಕೊಂಡವರ ಸಂಗತಿ ಇಲ್ಲಿಯೇ ಹೆಚ್ಚು ಸೇರಿಕೊಂಡಿದೆ. ಸ್ಟೇಷನಿನ ಅಂಗಳ 400 ಅಡಿಗೆ 1 ಅಡಿಗಿಂತ ಹೆಚ್ಚು ಇಳಿಜಾರಾಗಿರಬಾರದೆಂದು ಭಾರತದ ರೈಲುಗಳ ಕಟ್ಟಳೆ. ಅಷ್ಟು ಇಳಿಜಾರು ಕಣ್ಣಿಗೆ ಕಾಣದು, ಬಂಡಿಗೆ ಕಾಣುತ್ತದೆ. ಸುಳಿಗಾಳಿಯೊಂದು ನೂಕಿದರೂ ಸಾಕು, ನಿಂತ ಬಂಡಿ ಹೊರಟೀತು. ಆದುದರಿಂದ ಪಕ್ಕದ ಉದ್ದನೆಯ ಕೈಬ್ರೇಕಿನ ಸನ್ನೆಯನ್ನು ಒತ್ತಿ, ಗೂಟ ಚುಚ್ಚಿ, ಗಾಲಿಗೆ ಮರದ ತುಂಡನ್ನೋ ಸರಪಣಿಯನ್ನೋ ಕೊಡುವುದು ವಾಡಿಕೆ. ಶಂಟಿಂಗು ಮಾಡುವಾಗ ಓಡುತ್ತಿರುವ ಬಂಡಿಯ ಪಕ್ಕದಲ್ಲಿ ಓಡಿಹೋಗಿ ಆ ಸನ್ನೆಯ ಮೇಲೆ ತೂಗಿಬೀಳುವ ಖಲಾಸಿಯನ್ನು ನೋಡಿದವರು, ಕಾಲಡಿಯಲ್ಲಿ ಚೆಲ್ಲಿದ ಕಲ್ಲಿದ್ದಲು ಎಷ್ಟು ದೊಡ್ಡ ಶತ್ರುವೆಂಬುದನ್ನು ಊಹಿಸಬಲ್ಲರು. ಕ್ಯಾಸಲ್‌ರಾಕಿನಿಂದ ಗೋವೆಗಿಳಿಯುವ ಘಟ್ಟದಲ್ಲಿ ಇಳಿಜಾರು 37ಕ್ಕೆ 1. ಅಲ್ಲಿ ಕೈತಪ್ಪಿದ ಬಂಡಿಗಳನ್ನು ಹಿಡಿಯುವುದಕ್ಕಾಗಿಯೇ ಏರುಮುಖದ ಕವಲುದಾರಿಗಳನ್ನು ಹಾಕಬೇಕಾಯಿತು. ದಾವಣಗೆರೆಯ ಬಯಲಿನಲ್ಲಿ ಅಂತಹ ಭಯವಿಲ್ಲ. ಆದರೆ ಘಟ್ಟದ ಭಯ ಎಲ್ಲರನ್ನೂ ಎಚ್ಚರಿಸುತ್ತದೆ. ಬಯಲಿನ ಭಯ ಯಾರನ್ನೂ ಎಚ್ಚರಿಸುವುದಿಲ್ಲ.

ಬಂಡಿಗಳನ್ನು ಕೂಡಿಸುವ ಕೊಕ್ಕೆಯ ವಿಷಯ ಇನ್ನೂ ಕಠಿನವಾದುದು. ಮೀಟರ್ ಗೇಜಿನ ಬಂಡಿಗೆ ನಡುಮಧ್ಯೆ ಒಂದೇ ಬಫರು. ಅದರ ಮೇಲೆ ಎತ್ತಿ ಇಳಿಸುವ ಕೊಕ್ಕೆ. ಒಬ್ಬನು ಎರಡು ಬಂಡಿಗಳ ನಡುವೆ ಹೊಕ್ಕು ಕೊಕ್ಕೆಯನ್ನು ಹೊಂದಿಸಬೇಕು. ಇಂಜಿನಿನವನಿಗೆ ಅವನು ಕಾಣುವುದಿಲ್ಲ. ಕೈಬಾವುಟದ ಇಲ್ಲವೆ ಲಾಂದ್ರದ ಸನ್ನೆಯೇ ಇಬ್ಬರಿಗೂ ನಡುವಣ ಮಾತು. ಅಮೆರಿಕದಲ್ಲಿ ಹೀಗೆಯೇ ಕಡ್ಡಿ ಮತ್ತು ಬಳೆಯ ಕೊಂಡಿಗೆ ಬೆರಳುಗಳನ್ನು ಒಪ್ಪಿಸಿದ ಕೆಲಸಗಾರರ ಸಂಖ್ಯೆ ಬೆಳೆದು ಬೆಳೆದು, 1893ರಲ್ಲಿ ತಾನಾಗಿ ಕೂಡುವ ಕೊಂಡಿಯನ್ನು ಕಡ್ಡಾಯ ಮಾಡುವ ಶಾಸನ ಬಂದಿತು. ಇಂಗ್ಲೆಂಡಿನವರು ರೈಲು ಕೆಲಸಗಾರರ ಅಪಘಾತಗಳನ್ನು ತಡೆಯುವ ಶಾಸನವನ್ನು 1900ರಲ್ಲಿ ಮಾಡಿದರು. ಬ್ರಿಟಿಷ್ ಇಂಡಿಯಾದಲ್ಲಿ ಬಂಡಿಯ ಕೊಂಡಿ ಹಳೆಯದಾಗಿಯೇ ಉಳಿಯಿತು. ಬದಲಿಗೆ 1923ರಲ್ಲಿ ಗಾಯಗೊಂಡವನಿಗೆ ಪರಿಹಾರ ಕೊಡಿಸುವ ಶಾಸನ ಬಂದಿತು. ಅದರ ಕೊನೆಯಲ್ಲಿ ಒಂದು ಪಟ್ಟಿಯಿದ್ದಿತು. ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ನೂರಕ್ಕೆ 25 ನಷ್ಟ; ತೋರುಬೆರಳಿಗೆ 10; ಮಿಕ್ಕ ಯಾವ ಬೆರಳಿಗಾದರೂ 5. ಏನೂ ಸಿಗದಿದ್ದ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ಹೆಜ್ಜೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬೆರಳಿಗೆ ಬೆಲೆ ಕಟ್ಟುವುದಕ್ಕೂ ಬೆರಳನ್ನು ಉಳಿಸುವುದಕ್ಕೂ ನಡುವೆ ಇನ್ನೂ ಬಹಳ ದಾರಿಯಿದ್ದಿತು. ಭಾರತದ ದೊಡ್ಡ ದಾರಿಯ ತೆರೆದ ಸಾಮಾನುಬಂಡಿಗಳಿಗೆ ತಾನಾಗಿ ಕೂಡುವ ನಡುಕೊಂಡಿ ಬಂದುದು 1950ರ ದಶಕದ ಕೊನೆಯ ಹೊತ್ತಿಗೆ.

ಕಾದ ಅಚ್ಚಿನ ಸಂಗತಿಯನ್ನು ಬೇಗನೆ ಹೇಳಿ ಮುಗಿಸುತ್ತೇವೆ. ಹಳೆಯ ಬಂಡಿಯ ಅಚ್ಚಿನ ತುದಿ ಹಿತ್ತಾಳೆಯ ತುಂಡಿನ ಕೆಳಗೆ ತಿರುಗುವುದು. ಅದರ ಕೆಳಗಿನ ಪೆಟ್ಟಿಗೆಯಲ್ಲಿ ಎಣ್ಣೆ ನೆನೆಸಿದ ನೂಲಿನ ಚೂರು. ಗಿರಣಿಯಲ್ಲಿ ಕಸವೆಂದು ಎಸೆಯುವ ನೂಲೇ ಇಲ್ಲಿ ಬಂಡಿಯ ಪ್ರಾಣ. ಕಲ್ಲಿದ್ದಲ ಬಂಡಿಯಲ್ಲಿ ಧೂಳು ಆ ಪೆಟ್ಟಿಗೆಯನ್ನು ಹೊಕ್ಕು ಎಣ್ಣೆಯನ್ನು ಕುಡಿದುಬಿಡುವುದು. ಅಚ್ಚು ಕಾದು ಹೊಗೆಯಾಡಿ, ಕೊನೆಗೆ ಮುರಿಯುವುದು. ಅದೇ ಗಾಡಿಯಲ್ಲಿ ಹಿಂದಿನ ಬಂಡಿ ಅರಳೆಯ ಅಂಡಿಗೆಗಳದಾಗಿದ್ದರೆ ಬೆಂಕಿಯ ಭಯ ಹೇಳಬೇಕಾದುದಿಲ್ಲ. ಗಾಡಿ ನಿಂತೆಡೆಯಲ್ಲೆಲ್ಲ ಪೆಟ್ಟಿಗೆಯನ್ನು ಮುಟ್ಟಿ ಮೂಸಿ ನೋಡುವವನು ಆ ಕಾಲದ ಥರ್ಮಾಮೀಟರು. ಉರುಳುಗುಂಡಿನ ಅಚ್ಚುಗಳು ಬಂದ ಮೇಲೆ ಈ ಪೀಡೆ ಬಹುಮಟ್ಟಿಗೆ ತೀರಿತು. ಆದರೆ ಅವುಗಳಿಗೂ ಒಂದು ಗುಣವುಂಟು: ಹಳೆಯ ಬಂಡಿ ನಿಂತಲ್ಲಿ ಮೊಂಡುಬೀಳುತ್ತಿದ್ದಿತು, ಹೊಸದು ಸಣ್ಣ ಇಳಿಜಾರಿಗೂ ಉರುಳುವುದು.

1990ರ ದಶಕದಲ್ಲಿ ಬೆಂಗಳೂರು ಹುಬ್ಬಳ್ಳಿಗಳ ದಾರಿ ದೊಡ್ಡ ಗೇಜಾಯಿತು. ಒಂದು ನೂರು ವರ್ಷ ಹರಿಹರದ ಸೇತುವೆಯನ್ನು ದಾಟಿದ ನಾಲ್ಕು ಗಾಲಿಯ ಬಂಡಿಗಳು ಗುಜರಿಗೆ ಸೇರಿದವು. ಕರ್ನಾಟಕದಲ್ಲಿ ಇಂದು ಕಲ್ಲಿದ್ದಲು ಹೆಚ್ಚಾಗಿ ಹೋಗುವುದು ವಿದ್ಯುತ್ತಿಗೂ ಉಕ್ಕಿಗೂ. ರಾಯಚೂರಿನ ಬಳಿಯ ಶಕ್ತಿನಗರದ ಸ್ಥಾವರ 1985ರಿಂದ ಹೊರಗಿನ ಕಲ್ಲಿದ್ದಲನ್ನೇ ಉರಿಸುತ್ತ ಬಂದಿದೆ. ತೋರಣಗಲ್ಲಿನ ಉಕ್ಕಿಗೆ ಮೊರ್ಮುಗೋವಾದ ಕಲ್ಲಿದ್ದಲು ಅದೇ ಹಳೆಯ ಘಟ್ಟವನ್ನೇರಿ ಬರುತ್ತದೆ. ಈಗಿನ ಹಾಪರು ಎಂಟು ಗಾಲಿಯದು. ಒಂದೊಂದೂ 50 ಟನ್ನಿಗೆ ಮೀರಿ ಹೊರುವುದು. ಬಾಗಿಲನ್ನು ತೆರೆಯುವುದು ಸುತ್ತಿಗೆಯಲ್ಲ, ಒತ್ತಿದ ಗಾಳಿ. ಗಾಡಿ ಮೆಲ್ಲನೆ ಗುಂಡಿಯ ಮೇಲೆ ಹಾಯುವಷ್ಟರಲ್ಲಿ ಬಂಡಿಗಳು ಒಂದಾದ ಮೇಲೊಂದು ಬರಿದಾಗುತ್ತವೆ. ಬುಟ್ಟಿ ಹೊರುವವರು ಅಲ್ಲಿಲ್ಲ. ಇದನ್ನು ನಾವು ನಿಸ್ಸಂಕೋಚವಾಗಿ ಒಳ್ಳೆಯದೆನ್ನುತ್ತೇವೆ. ಆದರೆ ಬುಟ್ಟಿಯ ಕೆಲಸದಲ್ಲಿ ಹತ್ತಾರು ಜನರಿಗೆ ದಿನದಿನವೂ ಹಂಚಿಹೋಗುತ್ತಿದ್ದ ನೋವು, ಹಾಪರಿನಲ್ಲಿ ಗುಂಡಿಯ ಪಕ್ಕದ ಇಬ್ಬರು ಮೂವರ ತಲೆಯ ಮೇಲೆ ಅಪರೂಪಕ್ಕೊಮ್ಮೆ ಬಂದೆರಗುವ ಅಪಾಯವಾಗಿದೆ. ಮುಂಗಾರಿನಲ್ಲಿ ಒದ್ದೆ ಕಲ್ಲಿದ್ದಲು ಇಂದಿಗೂ ಅಂಟಿಕೊಳ್ಳುತ್ತದೆ. ಸಲಾಕೆ ಹಿಡಿದವನು ಇಂದಿಗೂ ಕರೆಸಿಕೊಳ್ಳುತ್ತಾನೆ.

ಇನ್ನೊಂದು ಚಿಕ್ಕ ಸಂಗತಿ ಉಳಿದಿದೆ. ತುಂಬಿದ ಬಂಡಿಯನ್ನು ನಿಲ್ಲಿಸುವಷ್ಟು ಬಲವಾಗಿ ಬರಿದಾದ ಬಂಡಿಯ ಬ್ರೇಕನ್ನು ಹಾಕಿದರೆ ಗಾಲಿ ತಿರುಗದೆ ಹಳಿಯ ಮೇಲೆ ಜಾರಿ, ಒಂದು ಕಡೆ ಚಪ್ಪಟೆಯಾಗಿ ಸವೆಯುವುದು. ಬರಿದಾದುದಕ್ಕೆ ತಕ್ಕಂತೆ ಹಾಕಿದ ಬ್ರೇಕು ತುಂಬಿದುದನ್ನು ತಡೆಯಲಾರದು. ಅದಕ್ಕಾಗಿ ಹಲವು ಬಗೆಯ ವ್ಯಾಗನುಗಳ ಪಕ್ಕದಲ್ಲಿ ಒಂದು ಹಿಡಿಯಿದೆ. ಒಂದು ಕಡೆ ತಿರುಗಿಸಿದರೆ ಭಾರಕ್ಕೆ, ಇನ್ನೊಂದು ಕಡೆ ತಿರುಗಿಸಿದರೆ ಬರಿದಿಗೆ. ಐವತ್ತು ಅರುವತ್ತು ಬಂಡಿಗಳ ಗಾಡಿ ಕೆಲವೇ ಗಂಟೆಗಳಲ್ಲಿ ಬರಿದಾಗಬಹುದು. ಆಮೇಲೆ ಒಬ್ಬನು ಜಲ್ಲಿಯ ಮೇಲೆ ನಡೆದುಕೊಂಡು ಹೋಗಿ, ಆ ಐವತ್ತು ಅರುವತ್ತು ಹಿಡಿಗಳನ್ನೂ ಒಂದೊಂದಾಗಿ ತಿರುಗಿಸಿ, ಒಂದನ್ನೂ ಮರೆತಿಲ್ಲವೆಂದು ನೋಡಿಕೊಂಡು ಬರಬೇಕು.